ದಕ್ಕೆ ಬಾಡಿಗೆ

ಅಜ್ಜನ ಕಬ್ಬಿಣದ ಟ್ರಂಕಿನಲ್ಲಿ ಒಂದು ಕಟ್ಟು ರಸೀದಿಗಳಿದ್ದವು. ದಬ್ಬಳದಲ್ಲಿ ತೂತು ಹೊಡೆದು ಸಣಬಿನ ದಾರಕ್ಕೆ ಪೋಣಿಸಿ ಇಟ್ಟಿದ್ದರು. ಅಜ್ಜ ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ರೈಟರ್ ಅಂದರೆ ಕತೆ ಬರೆಯುವವರಲ್ಲ. ಆಳುಗಳ ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ಬರೆಯುವವರು. ಮಲೆನಾಡಿನವರಿಗೆ ಇದು ಗೊತ್ತು, ಬಯಲುಸೀಮೆಯ ಗೆಳೆಯರು ಮಾತ್ರ ಪ್ರತಿ ಸಲ ‘ನಿಮ್ಮಜ್ಜ ಸಾಹಿತಿಯಾ?’ ಅಂತ ಕೇಳುತ್ತಾರೆ.

ಆ ಕಟ್ಟಿನಲ್ಲಿ ರೈಲ್ವೆಯ ಒಂದು ರಸೀದಿ ಇತ್ತು. 1968ನೇ ಇಸವಿಯದು. ರೈಲಿನಲ್ಲಿ ಬಂದ ಗೊಬ್ಬರದ ಚೀಲಗಳ ಲೆಕ್ಕ. ಕೆಳಗಡೆ ಇಂಗ್ಲಿಷಿನಲ್ಲಿ ‘ವಾರ್ಫೇಜ್’ ಎಂದು ಬರೆದು, ಮುಂದೆ ಏಳು ರೂಪಾಯಿ ಚಿಲ್ಲರೆ. ಅದರ ಪಕ್ಕದಲ್ಲಿ ಅಜ್ಜ ತಮ್ಮ ಮೊಂಡು ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದರು: ದಕ್ಕೆ ಬಾಡಿಗೆ.

ನಾನಾಗ ಎಂಟು ಒಂಬತ್ತು ವರ್ಷದವನು. ‘ಅಜ್ಜಾ, ದಕ್ಕೆ ಅಂದ್ರೆ ಹಡಗು ನಿಲ್ಲೋ ಜಾಗ ಅಲ್ವಾ? ಇಲ್ಲಿ ಹಡಗು ಎಲ್ಲಿದೆ?’ ಅಂತ ಕೇಳಿದೆ. ಅಜ್ಜ ಕವಳ ಉಗಿದು ಬಂದು, ‘ಹಡಗು ಇಲ್ಲ. ಬಾಡಿಗೆ ಮಾತ್ರ ಇದೆ’ ಅಂದರು. ಆಮೇಲೆ ಕತೆ ಹೇಳಿದರು. ಗೊಬ್ಬರ ಬಂದ ದಿನ ಲಾರಿ ಸಿಕ್ಕಿರಲಿಲ್ಲ. ಎರಡು ದಿನ ಚೀಲಗಳು ಗೂಡ್ಸ್ ಶೆಡ್ಡಿನ ಕಟ್ಟೆ ಮೇಲೇ ಬಿದ್ದಿದ್ದವು. ಅದಕ್ಕೆ ದಂಡ ಬಿತ್ತು. ಆ ದಂಡವನ್ನು ಸಾಹುಕಾರರು ಅಜ್ಜನ ಸಂಬಳದಲ್ಲೇ ಮುರಿದುಕೊಂಡರು. ರಸೀದಿ ಜೋಪಾನವಾಗಿ ಉಳಿದದ್ದು ಆ ಸಿಟ್ಟಿಗೇ ಇರಬೇಕು.

ಈ ಪದ ತಲೆಯಿಂದ ಹೋಗಲೇ ಇಲ್ಲ. ಈಗಲೂ ನಮ್ಮ ದೇಶದ ಯಾವುದೇ ಗೂಡ್ಸ್ ಶೆಡ್ಡಿಗೆ ಹೋಗಿ ನೋಡಿ. ಇಳಿಸಿದ ಸರಕನ್ನು ಗೊತ್ತಾದ ಹೊತ್ತಿನೊಳಗೆ ಎತ್ತಿಕೊಂಡು ಹೋಗದಿದ್ದರೆ ವಾರ್ಫೇಜ್ ಕಟ್ಟಬೇಕು. ವ್ಯಾಗನ್ನನ್ನೇ ಖಾಲಿ ಮಾಡದೆ ತಡ ಮಾಡಿದರೆ ಡೆಮರೇಜ್. ಎರಡೂ ಬಂದರಿನ ಮಾತುಗಳು. ಹಡಗನ್ನು ಕಾಯಿಸಿದರೆ ಡೆಮರೇಜ್, ದಕ್ಕೆಯನ್ನು ತುಂಬಿಸಿಕೊಂಡು ಕೂತರೆ ವಾರ್ಫೇಜ್. ರೈಲ್ವೆಯವರು ಸಮುದ್ರದ ಲೆಕ್ಕಪುಸ್ತಕವನ್ನು ಹಾಗೇ ಎತ್ತಿಕೊಂಡು ಒಣ ನೆಲಕ್ಕೆ ತಂದುಬಿಟ್ಟರು. ಹಾಗಾಗಿ ಅರಬ್ಬಿ ಸಮುದ್ರದಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ, ಸಮುದ್ರವನ್ನೇ ನೋಡದ ರೈಟರ್ ಒಬ್ಬರು ದಕ್ಕೆಗೆ ಬಾಡಿಗೆ ಕಟ್ಟಿದರು.

ಆದರೆ ಯೋಚನೆ ಮಾಡಿದಷ್ಟೂ ಆ ರಸೀದಿ ತಪ್ಪು ಅನ್ನಿಸುವುದಿಲ್ಲ. ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಇವೆಲ್ಲ ಒಂಥರಾ ಬಂದರಿನ ಊರುಗಳೇ. ಬಂದರು ಘಟ್ಟದ ಕೆಳಗಿದೆ, ಅಷ್ಟೇ.

ನಮ್ಮೂರಿನ ನೀರಿಗೂ ಈ ಗೊಂದಲ ಇದೆ. ಸಕಲೇಶಪುರ ಪೇಟೆಯಲ್ಲಿ ಬಿದ್ದ ಮಳೆ ಹೇಮಾವತಿಗೆ ಸೇರಿ, ಕಾವೇರಿಗೆ ಸೇರಿ, ತಮಿಳುನಾಡು ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಲ್ಲಿಂದ ಸ್ವಲ್ಪ ಮುಂದೆ, ಮಾರನಹಳ್ಳಿ ದಾಟಿ ಶಿರಾಡಿ ಘಾಟಿ ಇಳಿಯುವ ಕಡೆ ಬಿದ್ದ ಮಳೆ ಕೆಂಪುಹೊಳೆ ಹಿಡಿದು ಗುಂಡ್ಯಕ್ಕೆ ಇಳಿಯುತ್ತದೆ. ಮುಂದೆ ಕುಮಾರಧಾರಾ, ಉಪ್ಪಿನಂಗಡಿಯಲ್ಲಿ ನೇತ್ರಾವತಿ, ಕೊನೆಗೆ ಮಂಗಳೂರಿನ ಅಳಿವೆ ಬಾಗಿಲು. ನೀರಿನದು ಹೀಗೆ ಎರಡು ದಾರಿ. ಸರಕು ಮಾತ್ರ ಮೊದಲಿನಿಂದಲೂ ಪಡುವಣಕ್ಕೇ ನೋಡಿದೆ.

ಟಿಪ್ಪು 1792ರಲ್ಲಿ ಮಂಜರಾಬಾದ್ ಕೋಟೆ ಕಟ್ಟಿಸಿದ್ದೂ ಈ ದಾರಿ ಕಾಯಲಿಕ್ಕೇ. ದೋಣಿಗಾಲ್ ಹತ್ತಿರದ ಆ ಎಂಟು ಮೂಲೆಯ ನಕ್ಷತ್ರದ ಕೋಟೆಗೆ ಈಗ ಡ್ರೋನ್ ಹಾರಿಸುವವರು ಜಾಸ್ತಿ ಬರುತ್ತಾರೆ. ಅವರು ಮೇಲಿನಿಂದ ನಕ್ಷತ್ರ ನೋಡುತ್ತಾರೆ. ಕೋಟೆಯ ಗೋಡೆ ಮೇಲೆ ನಿಂತು ಪಶ್ಚಿಮಕ್ಕೆ ನೋಡಿದರೆ ಘಾಟಿಯ ದಾರಿ ಯಾಕೆ ಮುಖ್ಯ ಅಂತ ಗೊತ್ತಾಗುತ್ತದೆ. ಮೇಲೆ ಈ ಕೋಟೆ, ಕೆಳಗೆ ಮಂಗಳೂರಿನ ಬೋಳೂರಿನಲ್ಲಿ ಹೊಳೆಬಾಯಿ ಕಾಯುವ ಸುಲ್ತಾನ್ ಬತ್ತೇರಿ. ದಾರಿಯ ಎರಡೂ ತುದಿಗೆ ಬೀಗ ಹಾಕಿಟ್ಟ ಹಾಗೆ.

ಆಮೇಲೆ ಕಾಫಿ ತೋಟಗಳ ಕಾಲ ಬಂತು. ಬಾಬಾ ಬುಡನ್ ಅವರ ಏಳು ಬೀಜದ ಕತೆ ಎಲ್ಲರಿಗೂ ಗೊತ್ತು, ಬಿಡಿ. ನನಗೆ ಕುತೂಹಲ ಇರುವುದು ಬೀಜ ಹೇಗೆ ಬಂತು ಅನ್ನುವುದರಲ್ಲಿ ಅಲ್ಲ, ಚೀಲ ಹೇಗೆ ಹೋಯಿತು ಅನ್ನುವುದರಲ್ಲಿ. ಹತ್ತೊಂಬತ್ತನೇ ಶತಮಾನದಲ್ಲಿ ಎತ್ತಿನ ಗಾಡಿಗಳು ಘಾಟಿ ಇಳಿಯುತ್ತಿದ್ದವು. ನಮ್ಮ ಕಡೆಯಿಂದ ಮಂಜರಾಬಾದ್ ಘಾಟಿ, ಮೂಡಿಗೆರೆ ಕಡೆಯಿಂದ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ. ಬಂಟ್ವಾಳ, ಪಾಣೆಮಂಗಳೂರಿನ ಹತ್ತಿರ ನೇತ್ರಾವತಿ ಅಗಲವಾಗಿ ಹರಿಯುತ್ತದೆ. ಮೈಸೂರು ಸೀಮೆಯ ಸರಕಿಗೆ ಬಂಟ್ವಾಳ ದೊಡ್ಡ ತಂಗುದಾಣ. ಅಲ್ಲಿಂದ ದೋಣಿಯಲ್ಲಿ ಮಂಗಳೂರಿಗೆ.

ಮಂಗಳೂರಿಗೆ ಹೋದರೂ ಹಡಗು ಹತ್ತಿರ ಬರುತ್ತಿರಲಿಲ್ಲ. ನೇತ್ರಾವತಿ, ಗುರುಪುರ ಎರಡೂ ಹೊಳೆಗಳು ಸಮುದ್ರ ಸೇರುವಲ್ಲಿ ಮರಳಿನ ದಿಬ್ಬ. ದೊಡ್ಡ ಹಡಗುಗಳು ಅಳಿವೆಯಿಂದಾಚೆ, ಸಮುದ್ರದಲ್ಲೇ ಲಂಗರು ಹಾಕಿ ನಿಲ್ಲುತ್ತಿದ್ದವು. ದಕ್ಕೆಯಿಂದ ಮಚ್ವೆ ದೋಣಿಗಳಲ್ಲಿ ಚೀಲ ಹೇರಿಕೊಂಡು, ಅಲೆ ದಾಟಿ, ಹಡಗಿನ ಪಕ್ಕಕ್ಕೆ ತಾಗಿಸಿ ಮೇಲೆತ್ತಬೇಕಿತ್ತು. ಮಳೆಗಾಲ ಹಿಡಿಯಿತು ಅಂದರೆ ಅದೂ ಬಂದ್. ಕಡಲು ರೇಗಿದ ಮೇಲೆ ಮಚ್ವೆಯೂ ಇಲ್ಲ, ಹಡಗೂ ಇಲ್ಲ.

ಅಂದರೆ ಲೆಕ್ಕ ಹಾಕಿ ನೋಡಿ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ. ರೋಬಸ್ಟಾ ಜನವರಿಯಿಂದ ಮಾರ್ಚ್. ಕಣದಲ್ಲಿ ಒಣಗಬೇಕು, ಗಾಡಿ ಹತ್ತಬೇಕು, ಘಾಟಿ ಇಳಿಯಬೇಕು, ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಪ್ಪೆ ಬಿಡಿಸಿ, ಜರಡಿ ಹಿಡಿದು, ಹೆಂಗಸರು ಸಾಲಾಗಿ ಕೂತು ಕಪ್ಪು ಬೀಜ ಆರಿಸಬೇಕು. ಇದೆಲ್ಲ ಮೇ ತಿಂಗಳ ಮೋಡ ಕಟ್ಟುವುದರೊಳಗೆ. ‘ಮಳೆ ಹಿಡಿಯೋದ್ರೊಳಗೆ ಮುಗಿಸ್ರೋ’ ಅಂತ ನಮ್ಮ ತೋಟಗಳಲ್ಲಿ ಈಗಲೂ ಕೂಗುತ್ತಾರೆ. ಕಣದ ಕಾಫಿ ನೆನೆಯುತ್ತದೆ ಅನ್ನುವ ಹೆದರಿಕೆ ಅದು, ನಿಜ. ಆದರೆ ಆ ಆತುರದಲ್ಲಿ ದಕ್ಕೆ ಮುಚ್ಚುವ ಹೆದರಿಕೆಯೂ ಒಂದು ಕಾಲದಲ್ಲಿ ಸೇರಿಕೊಂಡಿತ್ತು ಅಂತ ನನ್ನ ಗುಮಾನಿ.

ಇಳಿದ ಗಾಡಿ ಖಾಲಿ ಹತ್ತುತ್ತಿರಲಿಲ್ಲ. ಉಪ್ಪು, ಒಣಮೀನು, ತೆಂಗಿನಕಾಯಿ, ಆಮೇಲೆ ಹಂಚು. ಉಪ್ಪಿನಂಗಡಿಯ ಹೆಸರಲ್ಲೇ ಉಪ್ಪಿದೆ ನೋಡಿ. ತುಳುವಿನವರು ಅದನ್ನು ಉಬಾರ್ ಅನ್ನುತ್ತಾರೆ, ಹಾಗಾಗಿ ನನ್ನ ಉಪ್ಪಿನ ವಾದಕ್ಕೆ ಅವರು ನಗಬಹುದು. ಹಂಚಿನ ವಿಷಯದಲ್ಲಿ ಮಾತ್ರ ಯಾರೂ ನಗುವಂತಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಹೊಳೆಯ ಜೇಡಿ, ಹೊಳೆಯಲ್ಲೇ ಬಂದ ಸೌದೆ, ಹೊಳೆಯಲ್ಲೇ ಸಾಗಾಟ. ಕಾಫಿ ಕೊಟ್ಟ ಘಟ್ಟಕ್ಕೆ ಕರಾವಳಿ ಸೂರು ಕೊಟ್ಟಿತು.

ನಮ್ಮ ಹಳೇ ಮನೆ ಕೆಡವಿದಾಗ ಹಂಚು ಇಳಿಸುವ ಕೆಲಸಕ್ಕೆ ನಾನೂ ಕೈ ಹಾಕಿದ್ದೆ. ಹೊರಮೈ ಪಾಚಿ ಹಿಡಿದು ಕಪ್ಪಾಗಿತ್ತು. ಒಳಮೈ ಹೊಗೆ ಕುಡಿದು ಕಂದಾಗಿತ್ತು. ಒಂದನ್ನು ತಿರುಗಿಸಿ ಹೆಬ್ಬೆರಳಿನಿಂದ ಮಸಿ ಒರೆಸಿದರೆ ಕೆಳಗೆ ಕೆಂಪು. ಆ ಕೆಂಪಿನಲ್ಲಿ ಉಬ್ಬಿದ ಅಕ್ಷರಗಳು, ಕೊನೆಯಲ್ಲಿ ಮಂಗಳೂರು. ಪ್ರತಿ ಹಂಚಿಗೂ ಅದೇ ಅಚ್ಚು. ಹುಟ್ಟಿದಾಗಿನಿಂದ ಮಂಗಳೂರಿನ ಕೆಳಗೇ ಮಲಗಿದ್ದೆ, ಗೊತ್ತೇ ಇರಲಿಲ್ಲ! ಮೂಲೆಯ ಒಂದು ಹಂಚಿನಲ್ಲಿ, ಒಣಗುವ ಮುಂಚೆ ಯಾವುದೋ ನಾಯಿ ತುಳಿದ ಗುರುತು ಇತ್ತು. ನಾಲ್ಕು ಬೆರಳು, ನಡುವೆ ಒಂದು ಗುಳಿ. ಅದೊಂದನ್ನು ಇಟ್ಟುಕೊಂಡಿದ್ದೇನೆ.

ಇನ್ನು ರೈಲು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಘಟ್ಟದಿಂದ ಇಳಿದು ಬರಲಿಲ್ಲ. ತೆಂಕಣದಿಂದ, ಮದ್ರಾಸಿನ ಕಡೆಯಿಂದ ಪಾಲಕ್ಕಾಡಿನ ಸಂದಿ ನುಸುಳಿ, ಶೋರನೂರು, ಕೋಳಿಕ್ಕೋಡು, ಕಣ್ಣೂರು, ಕಾಸರಗೋಡು ಅಂತ ಕಡಲ ಅಂಚಿನಲ್ಲೇ ನಡೆದು ಬಂತು. ಬಂದರಿನ ಗೂಡ್ಸ್ ಶೆಡ್ಡಿನ ತನಕ ಹಳಿ ಹೋಯಿತು. ಹಮಾಲಿಗಳು, ಕೊಕ್ಕೆ, ಚೀಲ, ಮಚ್ವೆ, ವ್ಯಾಗನ್, ಎಲ್ಲ ಒಂದೇ ಕಡೆ. ಆದರೆ ದಕ್ಕೆಗೆ ಸರಕು ಕೊಡುತ್ತಿದ್ದ ಮಲೆನಾಡಿಗೆ ಆ ರೈಲಿನಲ್ಲಿ ಹೋಗಬೇಕಾದರೆ ಅರ್ಧ ದಕ್ಷಿಣ ಭಾರತ ಸುತ್ತಬೇಕಿತ್ತು. ಹಾಸನಕ್ಕೂ ರೈಲು ಬಂತು, ಮೈಸೂರು ಸಂಸ್ಥಾನದ ಮೀಟರ್ ಗೇಜ್. ಅದು ಅರಸೀಕೆರೆಗೆ ಹೋಗುತ್ತಿತ್ತು, ಮೈಸೂರಿಗೆ ಹೋಗುತ್ತಿತ್ತು. ಪಡುವಣಕ್ಕೆ ಮಾತ್ರ ಬೆನ್ನು.

ಯಾಕೆ ಹೀಗೆ? ಘಟ್ಟ ಕಡಿದಾಗಿದೆ ಅನ್ನುವುದು ಒಂದು ಉತ್ತರ. ಅದು ಪೂರ್ತಿ ಉತ್ತರ ಅಲ್ಲ. ಮಂಗಳೂರು ಆಗ ಮದ್ರಾಸ್ ಪ್ರೆಸಿಡೆನ್ಸಿಯದು. ನಾವು ಮೈಸೂರು ಸಂಸ್ಥಾನದವರು. ಕಾರವಾರ, ಭಟ್ಕಳ ಬೊಂಬಾಯಿ ಪ್ರೆಸಿಡೆನ್ಸಿಯದು. ಮೈಸೂರಿಗೆ ಒಂದು ಮೊಳ ಕಡಲೂ ಇರಲಿಲ್ಲ. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಇದು ದೊಡ್ಡ ಕೊರಗು. ಭಟ್ಕಳದಲ್ಲಿ ಬಂದರು ಮಾಡಿ ಅಲ್ಲಿಗೆ ಸಂಸ್ಥಾನದಿಂದ ರೈಲು ಹಾಕಬೇಕು ಅಂತ ಅವರು ಪಟ್ಟು ಹಿಡಿದಿದ್ದರು. ಆಗಲಿಲ್ಲ. ಕೈಗೆ ಸಿಗುವ ದೂರದಲ್ಲಿ ಮಂಗಳೂರಿನ ದಕ್ಕೆ ಇದ್ದರೂ ಅದು ಪಕ್ಕದ ಮನೆಯ ಬಾವಿ. ನೀರು ಕಾಣಿಸುತ್ತದೆ, ಹಗ್ಗ ನಮ್ಮದಲ್ಲ.

1956ರಲ್ಲಿ ರಾಜ್ಯ ಒಂದಾದ ಮೇಲೆ ಇಬ್ಬರೂ ಒಂದೇ ಮನೆಯವರಾದರು. ಆಮೇಲೆ ಕೆಲಸ ಶುರು. ಪಣಂಬೂರಿನಲ್ಲಿ ಹೊಸ ಬಂದರು, ಹಾಸನದಿಂದ ಮಂಗಳೂರಿಗೆ ರೈಲು, ಎರಡೂ ಒಂದಕ್ಕೊಂದು ಜೋಡಿ. ಬಂದರಿಗಾಗಿ ದೆಹಲಿಯಲ್ಲಿ ಓಡಾಡಿದ ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರು 1965ರಲ್ಲೇ ತೀರಿಕೊಂಡರು, ಅವರು ಅದನ್ನು ನೋಡಲಿಲ್ಲ. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಬಂದು ಉದ್ಘಾಟನೆ ಮಾಡಿದರು. ಹಡಗು ಈಗ ಕಡಲಲ್ಲಿ ನಿಲ್ಲಬೇಕಿಲ್ಲ, ಒಳಗೇ ಬರಬಹುದು. ರೈಲು ಇನ್ನೂ ನಾಲ್ಕು ವರ್ಷ ತಡ. 1979ರಲ್ಲಿ ಹಾಸನದಿಂದ ಮಂಗಳೂರಿಗೆ ಹಳಿ ಕೂಡಿತು. 1907ರಿಂದ 1979. ಎಪ್ಪತ್ತೆರಡು ವರ್ಷ!

ಅಜ್ಜ ನನ್ನನ್ನು ಆ ರೈಲಿನಲ್ಲಿ ಕರೆದುಕೊಂಡು ಹೋದದ್ದು 1984ರ ಬೇಸಿಗೆ ರಜೆಯಲ್ಲಿ. ರಸೀದಿಯ ಬಗ್ಗೆ ಕೇಳಿ ಕೇಳಿ ತಲೆ ತಿಂದಿದ್ದೆ, ‘ಬಾ, ದಕ್ಕೇನೇ ತೋರಿಸ್ತೀನಿ’ ಅಂದುಬಿಟ್ಟಿದ್ದರು. ಅವರೂ ನೋಡಿರಲಿಲ್ಲ, ಅದನ್ನು ಹೇಳಲಿಲ್ಲ. ಅಮ್ಮ ಚಿತ್ರಾನ್ನ ಕಟ್ಟಿಕೊಟ್ಟಿದ್ದಳು. ಮೀಟರ್ ಗೇಜ್ ಬೋಗಿ, ಮರದ ಸೀಟು, ಎದುರು ಕೂತವರ ಮೊಣಕಾಲು ನಮ್ಮ ಮೊಣಕಾಲಿಗೆ ತಾಗುತ್ತಿತ್ತು.

ದೋಣಿಗಾಲ್ ದಾಟಿದ ಮೇಲೆ ಅಜ್ಜ ಬೆಂಕಿಪೊಟ್ಟಣ ತೆಗೆದು ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಗೀಟು ಎಳೆಯತೊಡಗಿದರು. ಒಂದು ಸುರಂಗಕ್ಕೆ ಒಂದು ಗೀಟು. ನಾಲ್ಕು ಗೀಟು ಆದಮೇಲೆ ಅಡ್ಡ ಒಂದು. ತೋಟದಲ್ಲಿ ಚೀಲ ಎಣಿಸುವ ಲೆಕ್ಕವೇ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್, ಅಷ್ಟರಲ್ಲಿ 57 ಸುರಂಗ. ಕತ್ತಲೆ, ಬೆಳಕು, ಸೇತುವೆ, ಕತ್ತಲೆ. ಸುರಂಗದೊಳಗೆ ಹುಡುಗರೆಲ್ಲ ಕಿರುಚುತ್ತಿದ್ದೆವು. ಹೊರಗೆ ಬಂದ ತಕ್ಷಣ ಕೆಳಗೆ ಆಳದಲ್ಲಿ ನೀರು, ಮೇಲೆ ಕಲ್ಲಿನ ಗೋಡೆಯಿಂದ ಸೋರುವ ನೀರು. ಎಡಕುಮೇರಿಯಲ್ಲಿ ಗಾಡಿ ನಿಂತಿತು. ಆ ಸ್ಟೇಷನ್ನಿಗೆ ದಾರಿಯೇ ಇಲ್ಲ, ರೈಲೇ ದಾರಿ. ಅಲ್ಲಿ ಇಳಿದ ಒಬ್ಬ ಗ್ಯಾಂಗ್‌ಮನ್ ಕೈಯಲ್ಲಿ ಸೀಮೆಎಣ್ಣೆ ಡಬ್ಬ, ಇನ್ನೊಂದು ಕೈಯಲ್ಲಿ ಒಂದು ಕಟ್ಟು ಬಸಳೆ ಸೊಪ್ಪು. ಎಣಿಕೆ ತಪ್ಪಿದ್ದು ಅಲ್ಲೇ. ಅಜ್ಜನೂ ಬಸಳೆ ನೋಡುತ್ತಾ ಕೂತುಬಿಟ್ಟರು. ಬೆಂಕಿಪೊಟ್ಟಣದ ಲೆಕ್ಕ ಕೊನೆಗೆ 53ಕ್ಕೆ ನಿಂತಿತು. ‘ನಾಲ್ಕು ಚೀಲ ಶಾರ್ಟೇಜು’ ಅಂದರು.

ಮಂಗಳೂರಿನಲ್ಲಿ ಇಳಿದರೆ ಇನ್ನೊಂದು ತಮಾಷೆ. ಒಂದೇ ಊರಿನಲ್ಲಿ ಎರಡು ಅಳತೆಯ ಹಳಿ. ಕೇರಳದ ಕಡೆಯಿಂದ ಬಂದದ್ದು ಬ್ರಾಡ್ ಗೇಜ್, ಎರಡು ಹಳಿಗಳ ನಡುವೆ 1676 ಮಿಲಿಮೀಟರ್. ನಮ್ಮ ಕಡೆಯಿಂದ ಇಳಿದದ್ದು ಸರಿಯಾಗಿ ಒಂದು ಮೀಟರ್. ಎಪ್ಪತ್ತೆರಡು ವರ್ಷ ಕಾದು ಎದುರುಬದುರಾದ ನೆಂಟರಿಗೆ ಕೈ ಕುಲುಕಲಿಕ್ಕೆ ಆಗಲಿಲ್ಲ. ಒಂದರ ವ್ಯಾಗನ್ ಇನ್ನೊಂದರ ಮೇಲೆ ಓಡುವುದಿಲ್ಲ. ಸರಕು ದಾಟಿಸಬೇಕಾದರೆ ಇಳಿಸಿ, ಹೊತ್ತು, ಮತ್ತೆ ಹೇರಬೇಕು. ಅಲ್ಲಿ ತಡವಾದರೆ ಮತ್ತೆ ದಕ್ಕೆ ಬಾಡಿಗೆ.

ದಕ್ಕೆ ನೋಡಿದೆವು. ನನಗೆ ನೆನಪಿರುವುದು ಮೀನಿನ ವಾಸನೆ, ಹೆಂಚಿನ ರಾಶಿ, ಲಕ್ಷದ್ವೀಪಕ್ಕೆ ಹೊರಟು ನಿಂತಿದ್ದ ಮಂಜಿ, ಅಂದರೆ ಸರಕು ಸಾಗಿಸುವ ದೊಡ್ಡ ದೋಣಿ. ಅದರೊಳಗೆ ಜಲ್ಲಿ, ಸಿಮೆಂಟು, ಬಾಳೆಗೊನೆ, ಎರಡು ಮೇಕೆ. ಅಜ್ಜ ಮಾತ್ರ ಕಟ್ಟೆಯ ಕಲ್ಲನ್ನು ಕಾಲಿನಲ್ಲಿ ಒರೆಸಿ ನೋಡುತ್ತಾ ನಿಂತಿದ್ದರು. ‘ಇದಕ್ಕೆ ಕೊಟ್ಟಿದ್ದಾ ದುಡ್ಡು’ ಅಂದರು. ಅವರು ಕೊಟ್ಟದ್ದು ಇದಕ್ಕಲ್ಲ. ಆದರೆ ಅವರ ಲೆಕ್ಕದಲ್ಲಿ ಅವತ್ತು ರಸೀದಿ ಚುಕ್ತಾ ಆಯಿತು ಅನ್ನಿಸುತ್ತದೆ.

ಆಮೇಲೆ ತೊಂಬತ್ತರ ದಶಕದಲ್ಲಿ ಗೇಜ್ ಪರಿವರ್ತನೆಗೆ ಅಂತ ಆ ದಾರಿ ಮುಚ್ಚಿತು. ಹತ್ತು ವರ್ಷಕ್ಕೂ ಜಾಸ್ತಿ ಪ್ರಯಾಣಿಕರ ರೈಲೇ ಇಲ್ಲ. ಬೆಂಗಳೂರಿನ ಹುಡುಗರು ಬೆನ್ನಿಗೆ ಚೀಲ ಕಟ್ಟಿಕೊಂಡು ಹಳಿ ಮೇಲೆ ನಡೆದು, ಎಡಕುಮೇರಿಯಲ್ಲಿ ರಾತ್ರಿ ಮಲಗಿ, ‘ಟ್ರೆಕ್’ ಅಂತ ಹೆಸರಿಟ್ಟರು. 2003ರಲ್ಲಿ ರೈಲ್ವೆ, ರಾಜ್ಯ ಸರ್ಕಾರ, ನವ ಮಂಗಳೂರು ಬಂದರು ಮುಂತಾದವರು ಸೇರಿ ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಮಾಡಿದರು. 2006ರ ಮೇ ತಿಂಗಳಲ್ಲಿ ಬ್ರಾಡ್ ಗೇಜ್ ಮೇಲೆ ಗೂಡ್ಸ್ ಓಡಿತು. ಜನರನ್ನು ಕೂರಿಸಿಕೊಂಡದ್ದು 2007ರ ಡಿಸೆಂಬರ್‌ನಲ್ಲಿ. ಮನುಷ್ಯರಿಗಿಂತ ಒಂದೂವರೆ ವರ್ಷ ಮುಂಚೆ ಅದಿರು ಹೋಯಿತು! ಆ ದಿನಗಳಲ್ಲಿ ಬಳ್ಳಾರಿ ಕಡೆಯ ಕಬ್ಬಿಣದ ಅದಿರಿಗೆ ಚೀನಾದಲ್ಲಿ ಬೇಡಿಕೆ ಇತ್ತಲ್ಲ. ಸಕಲೇಶಪುರದ ರೈಲ್ವೆ ಗೇಟಿನಲ್ಲಿ ನಿಂತರೆ ಕೆಂಪು ದೂಳಿನ ವ್ಯಾಗನ್ನುಗಳು ಮುಗಿಯುತ್ತಲೇ ಇರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಕಾಫಿಯ ಹೆಸರು ಹೇಳಿಕೊಂಡು ಒಂದು ಶತಮಾನ ಕಾದ ದಾರಿ, ಓಡಿಸಿದ್ದು ಮಣ್ಣನ್ನು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿದ ಮೇಲೆ ಆ ಕೆಂಪು ಮೆರವಣಿಗೆ ನಿಂತಿತು.

ಚಿಕ್ಕಮಗಳೂರು ಜಿಲ್ಲೆಯ ಅದಿರಿಗೆ ರೈಲೂ ಬೇಕಾಗಿರಲಿಲ್ಲ. ಕುದುರೆಮುಖದಲ್ಲಿ ಕಲ್ಲು ಅರೆದು, ನೀರಲ್ಲಿ ಕಲಸಿ, ಗಂಜಿಯ ಹಾಗೆ ಮಾಡಿ 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಬಿಡುತ್ತಿದ್ದರು. ಘಟ್ಟದ ಇಳಿಜಾರೇ ಎಂಜಿನ್. 2005ರ ಕೊನೆಯಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಗಣಿ ನಿಂತಿತು. ಹಾಸನದ ಕೊಳವೆ ಇದರ ಉಲ್ಟಾ. ಮಂಗಳೂರಿನಿಂದ ಪೆಟ್ರೋಲು, ಡೀಸೆಲ್ ಘಟ್ಟ ಹತ್ತಿ ಹಾಸನದ ಮೇಲಿಂದ ಬೆಂಗಳೂರಿಗೆ ಹೋಗುತ್ತದೆ. ನಮ್ಮ ತೋಟದಾಚೆಯ ಹಳದಿ ಕಲ್ಲುಗಳು ಅದರ ಗುರುತು. ಇನ್ನು ಚಿಕ್ಕಮಗಳೂರು ಪೇಟೆಗೆ ರೈಲು ಬಂದದ್ದು 2013ರಲ್ಲಿ, ಕಡೂರಿನಿಂದ 46 ಕಿಲೋಮೀಟರ್. ಅದೂ ಬಯಲಿನ ಕಡೆಗೆ. ಕಾಫಿಯ ತವರಿನ ರೈಲಿಗೆ ಇನ್ನೂ ಕಡಲಿನ ಕಡೆ ಮುಖ ತಿರುಗಿಲ್ಲ.

ಕಾಫಿ ಈಗ ಲಾರಿಯಲ್ಲಿ ಹೋಗುತ್ತದೆ. ಹಾಸನ, ಚಿಕ್ಕಮಗಳೂರಿನಲ್ಲೇ ಕ್ಯೂರಿಂಗ್ ಆಗುತ್ತದೆ, ಅಲ್ಲೇ ಕಂಟೇನರ್ ತುಂಬುತ್ತಾರೆ. ಇಪ್ಪತ್ತಡಿಯ ಒಂದು ಕಂಟೇನರಿಗೆ 60 ಕಿಲೋದ 320 ಚೀಲ. ಬಾಗಿಲು ಮುಚ್ಚಿ ಸೀಲ್ ಒತ್ತಿದರೆ ಪಣಂಬೂರಿನಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲ. ಮಚ್ವೆ, ಕೊಕ್ಕೆ, ಬೆನ್ನು ಏನೂ ಇಲ್ಲ.

ಒಂದು ಕಾಫಿ ಮಾತ್ರ ಇನ್ನೂ ಹಳೇ ದಕ್ಕೆಯನ್ನು ಮರೆತಿಲ್ಲ. ಇದರ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಹಾಯಿಹಡಗಿನ ಕಾಲದಲ್ಲಿ ನಮ್ಮ ಕಾಫಿ ಆಫ್ರಿಕಾದ ತುದಿ ಸುತ್ತಿ ಯುರೋಪ್ ಮುಟ್ಟಲು ಆರು ತಿಂಗಳವರೆಗೂ ಹಿಡಿಯುತ್ತಿತ್ತು. ಹಡಗಿನ ಹೊಟ್ಟೆಯಲ್ಲಿ ಕಡಲ ಗಾಳಿಯ ತೇವ ಕುಡಿದು ಕುಡಿದು ಬೀಜ ಊದಿಕೊಳ್ಳುತ್ತಿತ್ತು. ಹಸಿರು ಹೋಗಿ ಹಳದಿಯಾಗುತ್ತಿತ್ತು. ಹುಳಿ ಇಳಿದು ರುಚಿ ಮೆತ್ತಗಾಗುತ್ತಿತ್ತು. ಅಲ್ಲಿನವರಿಗೆ ಅದೇ ಅಭ್ಯಾಸ ಆಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಹಬೆ ಹಡಗು ಬಂತು, ಕಾಫಿ ಬೇಗ ಬೇಗ ಹಸಿರಾಗೇ ತಲುಪತೊಡಗಿತು. ಗಿರಾಕಿಗಳು ‘ಇದಲ್ಲ ನಮ್ಮ ಕಾಫಿ’ ಅಂದರು. ತಡವಾಗಿ ಬಂದದ್ದೇ ಚೆನ್ನಾಗಿತ್ತಂತೆ!

ಅದಕ್ಕೆ ಕರಾವಳಿಯ ವ್ಯಾಪಾರಿಗಳು ಕಂಡುಕೊಂಡ ಉಪಾಯ ನೋಡಿ. ಕಾಫಿಯನ್ನು ಸಮುದ್ರಕ್ಕೆ ಕಳಿಸುವ ಬದಲು ಸಮುದ್ರವನ್ನೇ ಗೋದಾಮಿನೊಳಗೆ ಬಿಟ್ಟುಕೊಂಡರು. ಸಿಪ್ಪೆ ಸಮೇತ ಒಣಗಿಸಿ ಬಿಡಿಸಿದ ಒಳ್ಳೆ ದರ್ಜೆಯ ಬೀಜವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಪಕ್ಕಗಳು ತೆರೆದ ಗೋದಾಮಿನಲ್ಲಿ ಹರಡುತ್ತಾರೆ. ಆಗಾಗ ಹಲುಬೆಯಿಂದ ಎಳೆಯುತ್ತಾರೆ. ಆಮೇಲೆ ಗೋಣಿಚೀಲಕ್ಕೆ ಸಡಿಲವಾಗಿ ತುಂಬಿ, ನಡುವೆ ಗಾಳಿ ಆಡುವಂತೆ ಸಾಲು ಹಚ್ಚುತ್ತಾರೆ. ಮತ್ತೆ ಸುರಿದು ಮತ್ತೆ ತುಂಬುತ್ತಾರೆ. ಮೂರು ನಾಲ್ಕು ತಿಂಗಳು ಇದೇ ಕೆಲಸ. ಹೆಸರು ಮಾನ್ಸೂನ್ಡ್ ಮಲಬಾರ್. ಬೀಜ ನಮ್ಮ ಘಟ್ಟದ್ದು, ಗಾಳಿ ಮಂಗಳೂರಿನದು, ಹೆಸರು ಮಲಬಾರಿನದು. ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಒಂದು ಆಗಸ್ಟ್‌ನಲ್ಲಿ ಅಂಥ ಗೋದಾಮಿಗೆ ಹೋಗಿದ್ದೆ. ಕೈಯಲ್ಲಿ ಒಂದು ಹಿಡಿ ಎತ್ತಿಕೊಂಡರೆ ಕಾಫಿ ಅನ್ನಿಸಲೇ ಇಲ್ಲ. ತೊಗರಿ ಕಾಳು ನೆನೆಸಿದ ಹಾಗೆ ದಪ್ಪ, ಹಗುರ, ಹಳೇ ಬೆಲ್ಲದ ಬಣ್ಣ. ಮೂಗಿಗೆ ಹಿಡಿದರೆ ಗೋಣಿ, ಮಳೆ, ಸ್ವಲ್ಪ ಹುಲ್ಲಿನ ಬಣವೆ. ಅಜ್ಜನ ಟ್ರಂಕಿನ ವಾಸನೆ, ನಿಜವಾಗಿ. ಸುಮ್ನೆ ಎರಡು ದಿನ ಗೊಬ್ಬರ ಬಿದ್ದಿದ್ದಕ್ಕೆ ನಮ್ಮಜ್ಜ ದಂಡ ಕಟ್ಟಿದರು. ಇಲ್ಲಿ ನಾಲ್ಕು ತಿಂಗಳು ಬಿದ್ದಿದ್ದಕ್ಕೇ ಬೆಲೆ.

ಕಳೆದ ಸಲ ಮಂಗಳೂರಿಗೆ ಹೋದಾಗ ಹಳೇ ಬಂದರಿನ ಕಡೆ ಮತ್ತೆ ನಡೆದೆ. ಗೂಡ್ಸ್ ಶೆಡ್ ರಸ್ತೆಯ ಒಂದು ಚಹಾದಂಗಡಿಯಲ್ಲಿ ವಯಸ್ಸಾದ ಹಮಾಲಿಯೊಬ್ಬರು ಸಿಕ್ಕರು. ನನ್ನ ಕನ್ನಡ ಕೇಳಿ, ‘ಘಟ್ಟದ ಮೇಲಿನವರಾ ಮಾರಾಯ್ರೇ?’ ಅಂದರು. ಹೌದೆಂದೆ. ಹುಡುಗರಾಗಿದ್ದಾಗ ಕಾಫಿ ಚೀಲ ಹೊತ್ತಿದ್ದರಂತೆ. ಭಾರ ಇತ್ತಾ ಅಂದೆ. ‘ಕಾಫಿ ಎಂತ ಭಾರ? ಬೆನ್ನು ತಿಂದದ್ದು ಉಪ್ಪು. ಚೀಲ ಒದ್ದೆ ಆಗಿ ಬೆವರಿನ ಒಟ್ಟಿಗೆ ಇಳಿಯುವುದು. ರಾತ್ರಿ ಮಲಗಲಿಕ್ಕೆ ಬಿಡುವುದಿಲ್ಲ.’ ಅಂಗಿ ಸರಿಸಿ ಹೆಗಲು ತೋರಿಸಿದರು. ಹೆಗಲ ಮೂಳೆಯ ಮೇಲೆ ಚರ್ಮ ದಪ್ಪಗಾಗಿ ಹೊಳೆಯುತ್ತಿತ್ತು, ತುಂಬ ವರ್ಷ ಹಿಡಿದ ಕುಡುಗೋಲಿನ ಹಿಡಿಯ ಹಾಗೆ. ಚಹಾದ ದುಡ್ಡು ನಾನು ಕೊಡಲು ಹೋದರೆ ಅವರೇ ಕೊಟ್ಟುಬಿಟ್ಟರು.

ಬರುವಾಗ ಒಂದೂವರೆ ಕಿಲೋ ಒಣಮೀನು ತೆಗೆದುಕೊಂಡೆ. ಮೂರು ಸುತ್ತು ಪೇಪರ್, ಮೇಲೆ ಪ್ಲಾಸ್ಟಿಕ್, ಅದರ ಮೇಲೆ ನನ್ನ ಟವೆಲ್. ಹಗಲಿನ ರೈಲು. ಸುಬ್ರಹ್ಮಣ್ಯ ರೋಡ್‌ನಲ್ಲಿ ಗಾಡಿಯ ಹಿಂದೆ ಇನ್ನೊಂದು ಎಂಜಿನ್ ಸೇರಿಸಿದರು, ತಳ್ಳಲಿಕ್ಕೆ. ಘಟ್ಟ ಹತ್ತುವಾಗ ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರು. ಒಂಟಿ ಎಂಜಿನ್ನಿಗೆ ಅದು ಕಷ್ಟ. ಗಾಜಿನ ಬೋಗಿಯವರು ಮುಂದೆ ಎಲ್ಲೋ ಫೋಟೋ ಹೊಡೆಯುತ್ತಿದ್ದರು. ನಾನು ಎಣಿಸಲು ಶುರು ಮಾಡಿದೆ, ಫೋನಿನಲ್ಲಿ ಗೀಟು ಎಳೆಯಲಾಗದೆ ಟಿಕೆಟ್ಟಿನ ಹಿಂಬದಿಯಲ್ಲಿ. 2018ರಲ್ಲಿ, ಮತ್ತೆ 2024ರ ಜುಲೈಯಲ್ಲಿ ಗುಡ್ಡ ಜರಿದು ದಾರಿ ಮುಚ್ಚಿದ ಜಾಗಗಳಲ್ಲಿ ತಂತಿಬಲೆ, ಕಲ್ಲಿನ ಹೊಸ ತಡೆಗೋಡೆ. ಅಲ್ಲಿ ಗಾಡಿ ತೆವಳುತ್ತಿತ್ತು.

ಸಿರಿಬಾಗಿಲು ದಾಟುವಷ್ಟರಲ್ಲಿ ನನ್ನ ಚೀಲ ಗುಟ್ಟು ಬಿಟ್ಟಿತು. ಟವೆಲ್ಲೂ ತಡೆಯಲಿಲ್ಲ. ಒಬ್ಬರು ಕಿಟಕಿ ಎತ್ತಿದರು. ಇನ್ನೊಬ್ಬರು ಸುಮ್ಮನೆ ಎದ್ದು ಬಾಗಿಲ ಕಡೆ ಹೋದರು. ಎದುರು ಸೀಟಿನಲ್ಲಿ ಬಾಳ್ಳುಪೇಟೆಗೆ ಹೋಗುವ ಅಮ್ಮ ಒಬ್ಬರು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು. ನಾನು ತಲೆ ತಗ್ಗಿಸಿ ಇಪ್ಪತ್ತೊಂದನೇ ಗೀಟು ಎಳೆದೆ. ಸುರಂಗ ಮುಗಿದು ಬೆಳಕು ಬಂದಾಗ ಅವರು ಸೆರಗು ಇಳಿಸಿ, ನನ್ನ ಚೀಲದ ಕಡೆ ಬಗ್ಗಿ, ಮೆಲ್ಲಗೆ ಕೇಳಿದರು:

‘ಬಂಗುಡೆಯಾ, ಸಿಗಡಿಯಾ? ಕಿಲೋಗೆ ಎಷ್ಟು ಬಿತ್ತು?’